ಹೆಡ್‌ಮಾಸ್ತರರು ಕೊಂದ ಕತ್ತೆ

ಹೆಡ್‌ಮಾಸ್ತರರಿಗೆ ಸಂಸಾರದಲ್ಲಿ ಇದ್ದದ್ದು ಒಂದೇ ಕೊರಗು. ಅವರ ಮನೆಯಲ್ಲಿ ಇನ್ನೂ ಒಬ್ಬರು ಹೆಡ್ ಇದ್ದರು. ಅದು ಅವರ ಹೆಂಡತಿ.

ಇವರದು ದೊಡ್ಡ ರಸ್ತೆಯ ಹೈಸ್ಕೂಲು. ಎರಡು ಅಂತಸ್ತು, ಕಬ್ಬಿಣದ ಗೇಟು, ತಾನಾಗಿ ಹೊಡೆದುಕೊಳ್ಳುವ ಕರೆಂಟಿನ ಗಂಟೆ. ಆಕೆಯದು ಅಂಚೆ ಕಚೇರಿಯ ಹಿಂದಿನ ಓಣಿಯ ಪ್ರಾಥಮಿಕ ಶಾಲೆ. ನಾಲ್ಕು ಕೋಣೆ, ಒಂದು ಜಗಲಿ, ತೂಗುಹಾಕಿದ ಕಂಬಿಯ ತುಂಡಿಗೆ ಯಾರಾದರೂ ಬಾರಿಸಿದರೆ ಅದೇ ಗಂಟೆ. ಹಗಲೆಲ್ಲ ಹೆಡ್‌ಮಾಸ್ತರರು ವರಾಂಡದಲ್ಲಿ ನಡೆದು ಬಂದರೆ ನಾನೂರು ಮಕ್ಕಳು ಮಾತು ನಿಲ್ಲಿಸುತ್ತಿದ್ದರು, ಹದಿನಾಲ್ಕು ಜನ ಮೇಷ್ಟ್ರುಗಳು ಕುರ್ಚಿ ಬಿಟ್ಟು ಏಳುತ್ತಿದ್ದರು. ಸಂಜೆ ಅದೇ ಗಾಂಭೀರ್ಯದಲ್ಲಿ ಮನೆಯ ಹೊಸ್ತಿಲು ದಾಟಿದರೆ ಏಳುವವರು ಯಾರೂ ಇಲ್ಲ. ತಾಯಿ ರೇಡಿಯೋದಿಂದ ಕಿವಿ ತೆಗೆಯುತ್ತಿರಲಿಲ್ಲ. ಹೆಂಡತಿ ಒಂದನೇ ಕ್ಲಾಸಿನ ಮಕ್ಕಳ ಅಕ್ಷರ ತಿದ್ದುತ್ತ, ತಲೆ ಎತ್ತದೆ, ಚಪ್ಪಲಿ ಆಚೆ ಬಿಟ್ಟು ಬನ್ನಿ ಎನ್ನುತ್ತಿದ್ದರು. (ಮದುವೆಯಾದ ಮೂವತ್ತು ವರ್ಷದಿಂದಲೂ ಅವರು ಚಪ್ಪಲಿಯನ್ನು ಆಚೆಯೇ ಬಿಟ್ಟು ಬಂದಿದ್ದರು. ಆದರೂ ಹೇಳುವುದು ನಿಂತಿರಲಿಲ್ಲ. ಚಿಕ್ಕ ಮಕ್ಕಳಿಗೆ ಪಾಠ ಮಾಡುವವರಿಗೆ ಒಂದೇ ಮಾತನ್ನು ದಿನಾ ಹೇಳಿ ಅಭ್ಯಾಸ.)

ಊಟದ ಹೊತ್ತಿನಲ್ಲಿ ಶಾಲೆಯ ಮಾತು ಎತ್ತಬಾರದು ಎಂದು ಗಂಡ ಹೆಂಡತಿ ಒಪ್ಪಂದ ಮಾಡಿಕೊಂಡಿದ್ದರು. ಒಪ್ಪಂದ ಸಾಮಾನ್ಯವಾಗಿ ಎರಡನೆಯ ತುತ್ತಿನವರೆಗೆ ಬಾಳುತ್ತಿತ್ತು. ಆಮೇಲೆ ಇವರು, ಪ್ರಾಥಮಿಕದಲ್ಲಿ ಸರಿಯಾಗಿ ಕಲಿಸದೆ ನಮ್ಮ ಕಡೆ ತಳ್ಳುತ್ತೀರಿ ಎನ್ನುವರು. ಆಕೆ, ನಾವು ಓದಲು ಕಲಿಸಿ ಕಳಿಸಿದ್ದನ್ನು ನೀವು ಮರೆಸಿ ಕಳಿಸುತ್ತೀರಿ ಎನ್ನುವರು. ತಾಯಿ, ಇಬ್ಬರನ್ನೂ ಬೆಂಚಿನ ಮೇಲೆ ನಿಲ್ಲಿಸಬೇಕು ಎನ್ನುವರು. ಅಲ್ಲಿಗೆ ಊಟ ಮುಗಿಯುತ್ತಿತ್ತು.

ಹೀಗಿರುವಾಗ ಶಿಕ್ಷಣಾಧಿಕಾರಿಗಳು ಊರಿನ ಎಲ್ಲ ಶಾಲೆಗಳ ಮುಖ್ಯಸ್ಥರ ಸಭೆ ಕರೆದರು. ವಿಷಯ ಒಂದೇ: ಮಕ್ಕಳು ಪಠ್ಯಪುಸ್ತಕ ಬಿಟ್ಟು ಬೇರೇನೂ ಓದುತ್ತಿಲ್ಲ, ಏನು ಮಾಡೋಣ. ಹದಿನೆಂಟು ಜನ ಮುಖ್ಯಸ್ಥರು ಒಬ್ಬೊಬ್ಬರಾಗಿ ಎದ್ದು, ತಪ್ಪು ತಮ್ಮದಲ್ಲ ಎಂಬುದನ್ನು ವಿವರವಾಗಿ ತಿಳಿಸಿದರು. ಒಬ್ಬರ ಶಾಲೆಯಲ್ಲಿ ಪುಸ್ತಕ ಇಲ್ಲ. ಒಬ್ಬರಲ್ಲಿ ಪುಸ್ತಕ ಇದೆ, ಕಪಾಟಿನ ಬೀಗದ ಕೈ ಇಲ್ಲ. ಇನ್ನೊಬ್ಬರಲ್ಲಿ ಎರಡೂ ಇದೆ, ಹೊತ್ತಿಲ್ಲ. ಲಾರಿ ರಿಪೇರಿ ಷೆಡ್ಡಿನ ಪಕ್ಕದ ಶಾಲೆಯವರು (ಆ ಸದ್ದಿನ ಮೇಲೆ ಕೂಗಿ ಪಾಠ ಮಾಡಿ ಮಾಡಿ ಅವರಿಗೆ ಕಂಚಿನ ಕಂಠ ಎಂದೇ ಹೆಸರು ಬಿದ್ದಿತ್ತು) ನಮ್ಮಲ್ಲಿ ಓದುವುದಿರಲಿ, ಯೋಚಿಸಲೂ ಆಗುವುದಿಲ್ಲ ಎಂದು ಗೋಡೆ ನಡುಗುವಂತೆ ಹೇಳಿದರು. ನಮ್ಮ ಹೆಡ್‌ಮಾಸ್ತರರು ಎದ್ದು, ಪುಸ್ತಕವೆಂಬುದು ಜ್ಞಾನಮಂದಿರದ ಹೆಬ್ಬಾಗಿಲು ಎಂದು ಆರಂಭಿಸಿ ಇಪ್ಪತ್ತು ನಿಮಿಷ ಮಾತನಾಡಿದರು. ಆ ಹೆಬ್ಬಾಗಿಲು ದಾಟಿ ತಾವು ಕೊನೆಯ ಸಲ ಒಳಗೆ ಹೋದದ್ದು ಯಾವಾಗ ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅಧಿಕಾರಿಗಳು ತಾಳ್ಮೆಯ ಮನುಷ್ಯರು. ಎಲ್ಲ ಕೇಳಿಸಿಕೊಂಡು, ಈ ಕಷ್ಟಗಳನ್ನು ನನಗೆ ಹೇಳಿದರೆ ನಾನು ಇನ್ನೊಂದು ಸುತ್ತೋಲೆ ಬರೆಯಬಲ್ಲೆ ಅಷ್ಟೆ, ಇವನ್ನು ನೀವು ನೀವೇ ಹೇಳಿಕೊಳ್ಳಿ ಎಂದರು. ಇಂದಿನಿಂದ ಇಬ್ಬಿಬ್ಬರು ಮುಖ್ಯಸ್ಥರ ಜೋಡಿ. ಒಬ್ಬರು ಇನ್ನೊಬ್ಬರ ಶಾಲೆಗೆ ಹೋಗಬೇಕು, ನೋಡಬೇಕು, ಕೈಲಾದ ಸಹಾಯ ಮಾಡಬೇಕು. ಅಧಿಕಾರಿಗಳಿಗೆ ವರದಿ ಬೇಡ. ಖಾಲಿ ಸೀಮೆಸುಣ್ಣದ ಡಬ್ಬಿಯಲ್ಲಿ ಚೀಟಿಗಳು ಬಂದವು. ಹೆಡ್‌ಮಾಸ್ತರರು ಕೈ ಹಾಕಿ ಒಂದು ಚೀಟಿ ತೆಗೆದು, ಬಿಡಿಸಿ, ಮತ್ತೆ ಮಡಿಸಿ ಜೇಬಿಗೆ ಹಾಕಿಕೊಳ್ಳಲು ನೋಡಿದರು. ಪಕ್ಕದವರು ಬಿಡಲಿಲ್ಲ, ಕಿತ್ತುಕೊಂಡು ಓದಿದರು: ಅಂಚೆ ಕಚೇರಿ ಹಿಂದಿನ ಪ್ರಾಥಮಿಕ ಶಾಲೆ.

ಸಭೆ ನಕ್ಕು ಮುಗಿಸುವವರೆಗೂ ಕಾದು, ಹೆಡ್‌ಮಾಸ್ತರರು ಚೀಟಿ ಬದಲಾಯಿಸಲು ಅವಕಾಶವಿದೆಯೇ ಎಂದು ಮೆತ್ತಗೆ ಕೇಳಿದರು. ಹಿಂದಿನ ಸಾಲಿನಿಂದ ಅವರ ಹೆಂಡತಿಯ ದನಿ ಬಂತು.

“ಬದಲಾಯಿಸಿ ಕೊಡೋ ಹಾಗಿದ್ರೆ ಮೊದಲೇ ಹೇಳ್ಬೇಕಿತ್ತು ಸರ್. ನಾನು ಮೂವತ್ತು ವರ್ಷದ ಹಿಂದೇನೇ ಅರ್ಜಿ ಹಾಕ್ತಿದ್ದೆ.”

ಮೊದಲ ಭೇಟಿ ಹೆಡ್‌ಮಾಸ್ತರರದೇ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೊಸ ನೋಟ್‌ಪುಸ್ತಕ ಹಿಡಿದು ಓಣಿಗೆ ಹೋದರು. ಬಾಗಿಲಲ್ಲಿ ನಿಂತಿದ್ದ ಮುಖ್ಯೋಪಾಧ್ಯಾಯಿನಿ ಕೈ ಮುಗಿದು, ಬನ್ನಿ ಸರ್ ಎಂದರು. ಇವರೂ ಕೈ ಮುಗಿದು, ನಮಸ್ಕಾರ ಮೇಡಂ ಎಂದರು. (ಒದ್ದೆ ಟವಲನ್ನು ಹಾಸಿಗೆಯ ಮೇಲೆ ಎಸೆದವರು ಯಾರು ಎಂಬ ಬಗ್ಗೆ ಇಬ್ಬರಿಗೂ ಜಗಳವಾಗಿ ಆಗಿನ್ನೂ ಎರಡು ಗಂಟೆ ಕಳೆದಿರಲಿಲ್ಲ.)

ಒಳಗೆ ಕಂಡದ್ದು ಅವರ ಕಣ್ಣಿಗೆ ಶುದ್ಧ ಅರಾಜಕತೆ. ಜಗಲಿಯ ಉದ್ದಕ್ಕೂ ಹಗ್ಗ ಕಟ್ಟಿ, ಬಟ್ಟೆ ಒಣಗಿಸುವ ಕ್ಲಿಪ್ಪಿನಿಂದ ಪುಸ್ತಕಗಳನ್ನು ನೇತುಹಾಕಿದ್ದರು. ಬಂದವರು ಬಂದ ಹಾಗೆ ಎಳೆದುಕೊಂಡು ಹೋಗುತ್ತಿದ್ದರು. ಇಬ್ಬರು ಬೆಂಚಿನ ಕೆಳಗೆ ಮಲಗಿ ಓದುತ್ತಿದ್ದರು. ಒಬ್ಬ ಗೋಡೆಗೆ ಕಾಲು ಚಾಚಿ ತಲೆ ಕೆಳಗಾಗಿ ಓದುತ್ತಿದ್ದ. ಮೂರನೇ ಕ್ಲಾಸಿನವಳೊಬ್ಬಳು ಒಂದನೇ ಕ್ಲಾಸಿನವರಿಗೆ ತಿಮಿಂಗಿಲದ ಕಥೆ ಓದಿ ಹೇಳುತ್ತ, ಪುಸ್ತಕದಲ್ಲಿಲ್ಲದ ಎರಡು ತಿಮಿಂಗಿಲಗಳನ್ನು ತಾನೇ ಸೇರಿಸಿದ್ದಳು. ಪುಸ್ತಕ ಕೊಟ್ಟ ಲೆಕ್ಕಕ್ಕೆ ರಿಜಿಸ್ಟರೇ ಇಲ್ಲ. ಗೋಡೆಗೆ ಒಂದು ಸ್ಲೇಟು ಹೊಡೆದಿದ್ದರು. ಎಲ್ಲರಿಗೂ ಬೇಕಾದ ಪುಸ್ತಕಕ್ಕೆ ಸರದಿ ಹಚ್ಚಲು ಮಕ್ಕಳೇ ಅದರ ಮೇಲೆ ಹೆಸರು ಬರೆಯುತ್ತಿದ್ದರು. ಹೆಡ್‌ಮಾಸ್ತರರು ಹದಿಮೂರು ನ್ಯೂನತೆಗಳನ್ನು ಗುರುತು ಹಾಕಿಕೊಂಡು ಓದಿ ಹೇಳಿದರು. ಪುಸ್ತಕದ ಮೂಲೆ ಮಡಿಚಿದೆ, ಮಕ್ಕಳ ಬೆನ್ನು ನೆಟ್ಟಗಿಲ್ಲ, ಗದ್ದಲ ಅತಿಯಾಗಿದೆ, ಇತ್ಯಾದಿ. ಹೆಂಡತಿ ಎಲ್ಲದಕ್ಕೂ ತಲೆಯಾಡಿಸಿ, ಓದದೆ ಸುಮ್ಮನೆ ಕೂತಿದ್ದವರು ಎಷ್ಟು ಜನ ಕಂಡಿರಿ ಎಂದು ಕೇಳಿದರು. ಅದನ್ನು ಅವರು ಎಣಿಸಿರಲಿಲ್ಲ.

ಮರುವಾರ ಆಕೆಯ ಸರದಿ. ಹೈಸ್ಕೂಲಿನ ಗ್ರಂಥಾಲಯವೆಂದರೆ ಹೆಡ್‌ಮಾಸ್ತರರ ಕೋಣೆಯ ಗಾಜಿನ ಕಪಾಟು. ಎಲ್ಲ ಪುಸ್ತಕಕ್ಕೂ ಕಂದು ಕಾಗದದ ಹೊದಿಕೆ, ಎತ್ತರದ ಪ್ರಕಾರ ಸಾಲು, ಬೀಗದ ಕೈ ಅವರ ಮೇಜಿನ ಖಾನೆಯಲ್ಲಿ. ಹೆಂಡತಿ ಗಾಜಿನ ಮುಂದೆ ಬಹಳ ಹೊತ್ತು ನಿಂತು, ಪುಸ್ತಕಗಳಿಗೆ ಇಷ್ಟು ನೆಮ್ಮದಿ ಬೇರೆಲ್ಲೂ ಸಿಕ್ಕದು ಎಂದರು. ಹೊಗಳಿಕೆಯೆಂದು ಭಾವಿಸಿ ಹೆಡ್‌ಮಾಸ್ತರರು ಬೀಗಿದರು. ಆಮೇಲೆ ಆಕೆ ಪುಸ್ತಕ ಕೊಟ್ಟ ರಿಜಿಸ್ಟರ್ ನೋಡಬಹುದೇ ಎಂದರು. ಗುಮಾಸ್ತರು ಧೂಳು ಕೊಡವಿ ತಂದರು. ಕೊನೆಯ ನಮೂದು ಎಂಟು ವರ್ಷದ ಹಿಂದಿನದು: ಸಮುದ್ರದ ದಂಡೆಯ ದೀಪಸ್ತಂಭ ಕಾಯುವ ಮುದುಕ ಮತ್ತು ಅವನ ಕತ್ತೆಯ ಕಾದಂಬರಿ. ಪಡೆದವರು: ಹೆಡ್‌ಮಾಸ್ತರರು. ಹಿಂದಿರುಗಿಸಿದ ದಿನಾಂಕದ ಜಾಗ ಖಾಲಿ.

ಹೆಂಡತಿ ಏನೂ ಹೇಳಲಿಲ್ಲ. ಆಕೆ ಏನಾದರೂ ಹೇಳಿದರೆ ಎದುರಿಸುವುದು ಅವರಿಗೆ ಗೊತ್ತಿತ್ತು; ಹೇಳದಿದ್ದರೆ ಮಾತ್ರ ಕೈಕಾಲು ಆಡುತ್ತಿರಲಿಲ್ಲ. ಯಾವುದೋ ಸಮಾರಂಭದ ಭಾಷಣಕ್ಕೆಂದು ಆ ಪುಸ್ತಕ ಒಯ್ದದ್ದು, ಹಿಂಬದಿಯ ನಾಲ್ಕು ಸಾಲು ಓದಿ ಭಾಷಣ ಮುಗಿಸಿದ್ದು ನಿಧಾನವಾಗಿ ನೆನಪಾಯಿತು. ಆಮೇಲೆ ಪುಸ್ತಕ ಎಲ್ಲಿ ಹೋಯಿತೆಂದು ಸಂಜೆ ಮನೆಯಲ್ಲಿ ಹೆಂಡತಿಯೇ ತೋರಿಸಿದರು. ಮಲಗುವ ಕೋಣೆಯ ಬೀರುವಿನ ಒಂದು ಕಾಲು ಮೋಟು. ಎಂಟು ವರ್ಷದಿಂದ ಅದರ ಅಡಿಯಲ್ಲಿ ಆ ಕಾದಂಬರಿ ಭಾರ ಹೊತ್ತು ಕೂತಿತ್ತು.

“ಆಧಾರ ಗ್ರಂಥ ಅಂತಾರಲ್ಲ, ಅದು ಇದೇ ಇರ್ಬೇಕು” ಎಂದರು ಹೆಂಡತಿ.

ಆದರೆ ಜೋಡಿ ಶಾಲೆಯ ಮುಖ್ಯಸ್ಥೆಯಾಗಿ ಆಕೆ ಕೊಟ್ಟ ಸಲಹೆ ಎರಡೇ. ಕಪಾಟಿನ ಬೀಗ ತೆಗೆಯಿರಿ. ನೀವು ಈಗ ಏನು ಓದುತ್ತಿದ್ದೀರಿ ಎಂದು ಮಕ್ಕಳಿಗೆ ಹೇಳಿ. ಮೊದಲನೆಯದಕ್ಕೆ ಹೆಡ್‌ಮಾಸ್ತರರು ಎರಡು ದಿನ ಒದ್ದಾಡಿ ಒಪ್ಪಿದರು. ಎರಡನೆಯದು ಸುಲಭ ಎಂದುಕೊಂಡರು. ಹೇಳುವುದಕ್ಕೆ ಏನು ಖರ್ಚು.

ಕಪಾಟು ತೆರೆದ ದಿನ ಅವರು ಮಾಡಿದ ಭಾಷಣದ ವಿವರ ಇಲ್ಲಿ ಬೇಡ. ಆಗ ನಿದ್ದೆ ಹೋದ ಮಕ್ಕಳು ಎದ್ದ ಮೇಲೆ, ಎಂಟನೇ ಕ್ಲಾಸಿನ ಎರಡು ಜಡೆಯ ಹುಡುಗಿಯೊಬ್ಬಳು ವರಾಂಡದಲ್ಲಿ ಅವರಿಗೆ ಎದುರಾದಳು. ಓಣಿಯ ಶಾಲೆಯಲ್ಲಿ ಓದಿ ಬಂದವಳು. ಈಗಲೂ ಅಲ್ಲಿಗೇ ಹೋಗಿ ಹಗ್ಗದಿಂದ ಪುಸ್ತಕ ಎಳೆದು ತರುತ್ತಿದ್ದಳು. ಸರ್, ನೀವು ಏನು ಓದುತ್ತೀರಿ ಎಂದು ಕೇಳಿದಳು. ಅವಳ ಕೈಯಲ್ಲಿದ್ದದ್ದು ಅದೇ ಕತ್ತೆಯ ಕಾದಂಬರಿ, ಓಣಿಯ ಶಾಲೆಯ ಪ್ರತಿ. ಪರಿಚಿತ ರಕ್ಷಾಪುಟ ಕಂಡದ್ದೇ ಹೆಡ್‌ಮಾಸ್ತರರಿಗೆ ಧೈರ್ಯ ಬಂತು. ಇದನ್ನೇ ಓದಿದ್ದೇನೆ, ಬಹಳ ಒಳ್ಳೆಯ ಪುಸ್ತಕ ಎಂದುಬಿಟ್ಟರು.

ಹುಡುಗಿಯ ಮುಖ ಅರಳಿತು. ಓದಿದ ಇನ್ನೊಬ್ಬರು ಸಿಕ್ಕ ಸಂತೋಷಕ್ಕೆ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು. ಮುದುಕನಿಗೆ ಕಾಯಿಲೆ, ದೀಪಸ್ತಂಭದಲ್ಲಿ ಕುಡಿಯಲು ಹನಿ ನೀರಿಲ್ಲ, ಕತ್ತೆ ಒಂಟಿಯಾಗಿ ಎರಡು ಕೊಡ ಹೊತ್ತು ಗುಡ್ಡದಾಚೆಯ ಬಾವಿಗೆ ಹೋಗಿದೆ, ಅಷ್ಟರಲ್ಲಿ ಬಿರುಗಾಳಿ. ಅಲ್ಲಿಂದ ಮುಂದೆ ಪುಟ ತಿರುಗಿಸಲು ಮೂರು ದಿನದಿಂದ ಭಯವಾಗಿದೆ.

“ಸರ್, ಕತ್ತೆಗೆ ಏನೂ ಆಗಲ್ಲ ಅಲ್ವಾ?”

ಹಿಂದೆ ಇಬ್ಬರು ಮೇಷ್ಟ್ರುಗಳು ನಿಂತು ಕೇಳಿಸಿಕೊಳ್ಳುತ್ತಿದ್ದರು. ಹೆಡ್‌ಮಾಸ್ತರರು ಕ್ಷಣ ಯೋಚಿಸಿದರು. ಒಳ್ಳೆಯ ಪುಸ್ತಕ ಎಂದ ಮೇಲೆ ಕೊನೆಗೆ ಯಾರಾದರೂ ಸಾಯಲೇಬೇಕು ಎಂಬುದು ಅವರ ನಂಬಿಕೆ. ದನಿಯನ್ನು ತಗ್ಗಿಸಿ ಹೇಳಿದರು:

“ಸಾಯುತ್ತಮ್ಮ. ಆದರೆ ವೀರಮರಣ.”

ಹುಡುಗಿ, ಸರಿ ಸರ್ ಎಂದು ಹೊರಟುಹೋದಳು. ಎಷ್ಟು ವಿನಯ ಎಂದು ಹೆಡ್‌ಮಾಸ್ತರರು ಮೆಚ್ಚಿಕೊಂಡರು.

ಆ ರಾತ್ರಿಯ ಊಟದಲ್ಲಿ ಒಪ್ಪಂದ ಮೊದಲ ತುತ್ತಿಗೇ ಮುರಿಯಿತು. ಸಂಜೆ ಎರಡು ಜಡೆಯವಳು ಓಣಿಯ ಶಾಲೆಗೆ ಬಂದು ಪುಸ್ತಕವನ್ನು ಹಗ್ಗಕ್ಕೆ ಸಿಕ್ಕಿಸಿ, ಜಗಲಿಯ ಮೇಲೆ ಕೂತು ಅತ್ತಿದ್ದಳಂತೆ. ಕತ್ತೆಯನ್ನು ಸಾಯಿಸುವ ಪುಸ್ತಕ ನನಗೆ ಬೇಡ, ಯಾವ ಪುಸ್ತಕವೂ ಬೇಡ ಎಂದು ಹೇಳಿ ಹೋದಳಂತೆ. ಹೆಂಡತಿ ಇಷ್ಟನ್ನೂ ಶಾಂತವಾಗಿ ಹೇಳಿ, ಸೌಟನ್ನು ಪಾತ್ರೆಯೊಳಗೆ ಇಟ್ಟರು.

“ರೀ, ಕತ್ತೆ ಯಾವ ಪುಟದಲ್ಲಿ ಸಾಯುತ್ತೆ?”

ಹೆಡ್‌ಮಾಸ್ತರರು ನೀರು ಕೇಳಿದರು. ನೀರು ಬಂತು. ಕುಡಿದರು. ಪ್ರಶ್ನೆ ಅಲ್ಲೇ ಇತ್ತು. ತಾಯಿ ಬೇರೆ, ಯಾರ ಮನೆ ಕತ್ತೆ, ಏನಾಗಿತ್ತು ಅದಕ್ಕೆ ಎಂದು ವಿಚಾರಿಸತೊಡಗಿದರು.

ಕೊನೆಗೆ ಹೆಡ್‌ಮಾಸ್ತರರು ತಟ್ಟೆ ನೋಡುತ್ತ ಒಪ್ಪಿಕೊಂಡರು. ಆ ಪುಸ್ತಕ ಓದಿಲ್ಲ. ಅದೊಂದೇ ಅಲ್ಲ, ಹೆಡ್ ಆದ ಮೇಲೆ ಹನ್ನೊಂದು ವರ್ಷದಲ್ಲಿ ಒಂದು ಪುಸ್ತಕವನ್ನೂ ಕೊನೆ ಮುಟ್ಟಿಸಿಲ್ಲ. ಓದುವುದೆಂದರೆ ಸುತ್ತೋಲೆ, ಹಾಜರಿ, ಸೋರುವ ಸೂರಿನ ಅಂದಾಜು ಪಟ್ಟಿ. ಕಥೆ ಹಿಡಿದರೆ ಮೂರನೆಯ ಪುಟಕ್ಕೆ ರೆಪ್ಪೆ ಬೀಳುತ್ತದೆ. ಚಿಕ್ಕಂದಿನಲ್ಲಿ ತಾನು ದಾರಿಯಲ್ಲಿ ನಡೆಯುತ್ತ ಓದಿ ಚರಂಡಿಗೆ ಬಿದ್ದವನು, ಅದು ಯಾವಾಗ ಕೈ ತಪ್ಪಿತೋ ತಿಳಿಯದು. ಇದನ್ನು ಯಾರ ಮುಂದೆ ಹೇಳಿಕೊಳ್ಳುವುದು.

ನಗಲು ಹೆಂಡತಿಗೆ ಮೂವತ್ತು ವರ್ಷದ ಹಕ್ಕಿತ್ತು. ಆಕೆ ನಗಲಿಲ್ಲ. ಹೆಡ್ ಆದ ಹೊಸದರಲ್ಲಿ ತನಗೂ ಎರಡು ವರ್ಷ ಹಾಗೇ ಆಗಿತ್ತು ಎಂದರು. ಟೀಚರಮ್ಮ ಯಾವಾಗಲೂ ಚಿತ್ರ ಇಲ್ಲದ ಪುಸ್ತಕವನ್ನೇ ಯಾಕೆ ಓದುತ್ತಾರೆ ಎಂದು ಒಂದನೇ ಕ್ಲಾಸಿನ ಮಗುವೊಂದು ಹಾಜರಿ ಪುಸ್ತಕ ತೋರಿಸಿ ಕೇಳಿದ ದಿನ ಎಚ್ಚರವಾಯಿತಂತೆ. ಇಷ್ಟು ದಿನ ಒಂದೇ ಸೂರಿನಡಿ ಇದ್ದೂ ಇದನ್ನು ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ.

“ನಾಳೆ ಆ ಹುಡುಗೀನ ಕರೆದು ಕತ್ತೆ ಬದುಕಿದೆ ಅಂದುಬಿಡ್ಲಾ?” ಎಂದರು ಹೆಡ್‌ಮಾಸ್ತರರು.

“ಬದುಕಿದೆ ಅಂತಾನೂ ಹೇಳ್ಬೇಡಿ. ನಿಮಗೆ ಗೊತ್ತಿಲ್ಲ.”

ಊಟ ಮುಗಿಸಿ ಅವರು ಬೀರು ಎತ್ತಿ ಪುಸ್ತಕ ಎಳೆದುಕೊಂಡರು. ಬೀರು ನಮಸ್ಕಾರ ಮಾಡುವಂತೆ ಮುಂದಕ್ಕೆ ಬಾಗಿತು, ಬಾಗಿಲು ತೆರೆದುಕೊಂಡಿತು, ಮಡಚಿಟ್ಟ ಸೀರೆಗಳೆಲ್ಲ ಅವರ ತಲೆಯ ಮೇಲೆ ಇಳಿದವು. ಹೆಂಡತಿ ಸುತ್ತಮುತ್ತ ನೋಡಿ, ಗಂಡ ಜೋಪಾನವಾಗಿ ಇಟ್ಟಿದ್ದ ಹಳೆಯ ಸುತ್ತೋಲೆಗಳ ಕಟ್ಟನ್ನು ಬೀರುವಿನ ಕಾಲಿನಡಿ ತಳ್ಳಿದರು. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು.

ಮರುದಿನ ಕೊನೆಯ ಪೀರಿಯಡ್ಡಿನಲ್ಲಿ ಹೆಡ್‌ಮಾಸ್ತರರು ಎಂಟನೇ ಕ್ಲಾಸಿಗೆ ಹೋದರು. ನಲವತ್ತು ಮಕ್ಕಳು ಎದ್ದು ನಿಂತರು. ಕೂರಿ ಎನ್ನುವುದನ್ನೂ ಮರೆತು ಅವರು ನೇರವಾಗಿ ಹೇಳಿದರು:

“ನಾನು ಈ ಪುಸ್ತಕ ಓದಿಲ್ಲ. ಓದಿದ್ದೀನಿ ಅಂತ ನಿನ್ನೆ ಸುಳ್ಳು ಹೇಳ್ದೆ. ಕತ್ತೆ ಸತ್ತಿದ್ದು ನನ್ನ ಬಾಯಲ್ಲಿ ಮಾತ್ರ.”

ಕೊನೆಯ ಬೆಂಚಿನವರು ತಾವೇನಾದರೂ ತಪ್ಪು ಕೇಳಿಸಿಕೊಂಡೆವೇ ಎಂದು ಒಬ್ಬರನ್ನೊಬ್ಬರು ನೋಡಿದರು. ಎರಡು ಜಡೆಯವಳು ಮಾತ್ರ ಮುಖ ಎತ್ತಿದಳು.

“ಹಾಗಾದ್ರೆ ಅದು ಬದುಕಿದೆಯಾ ಸರ್?”

“ಗೊತ್ತಿಲ್ಲಮ್ಮ. ಎಲ್ಲರೂ ಸೇರಿ ನೋಡೋಣವಾ?”

ಅಂದಿನಿಂದ ದಿನಕ್ಕೆ ಕಾಲು ಗಂಟೆ ಓದುವುದೆಂದು ತೀರ್ಮಾನವಾಯಿತು. ಯಾರೂ ಮುಂದೆ ಓದಿಕೊಳ್ಳಬಾರದು, ಹೆಡ್‌ಮಾಸ್ತರರಂತೂ ಕೂಡದು. ಆರಂಭ ಚೆನ್ನಾಗಿರಲಿಲ್ಲ. ಆಜ್ಞೆ ಮಾಡಿ ಪಳಗಿದ ಗಂಟಲು ಅವರದು. ಸಮುದ್ರದ ವರ್ಣನೆಯನ್ನು, ಶುಲ್ಕ ಕಟ್ಟಲು ಇದು ಕೊನೆಯ ದಿನ ಎನ್ನುವ ಧಾಟಿಯಲ್ಲಿ ಓದಿದರು. ಇನ್ನೊಂದು ತೊಡಕೂ ಇತ್ತು. ಕತ್ತೆ ಎಂಬ ಶಬ್ದವನ್ನು ಅವರು ಆ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಬೇರೆ ಅರ್ಥದಲ್ಲಿ ಬಳಸಿದ್ದರು. ಹೀಗಾಗಿ ಕಥೆಯಲ್ಲಿ ಮೊದಲ ಸಲ ಕತ್ತೆ ಎಂದು ಬಂದಾಗ, ಹಿಂದಿನ ಬೆಂಚಿನಲ್ಲಿ ಮೂವರು ಅಭ್ಯಾಸಬಲದಿಂದ ಎದ್ದು ನಿಂತರು. ಕ್ಲಾಸು ನಕ್ಕಿತು. ಹೆಡ್‌ಮಾಸ್ತರರಿಗೂ ತಡೆಯಲಾಗಲಿಲ್ಲ. ಆ ಮೇಲೆ ಓದು ಹಗುರವಾಯಿತು.

ಎರಡನೆಯ ವಾರಕ್ಕೆ ಮುದುಕನಿಗೊಂದು ದನಿ, ಬಾವಿಯ ಕಾವಲುಗಾರನಿಗೊಂದು ದನಿ ಬಂತು. ಗಂಟೆ ಹೊಡೆದರೆ ಮಕ್ಕಳು ಏಳುತ್ತಿರಲಿಲ್ಲ. ಒಂದು ಪುಟ ಸರ್, ಒಂದೇ ಪುಟ ಎಂದು ಗೋಗರೆಯುತ್ತಿದ್ದರು. ಕಿಟಕಿಯಾಚೆ ಒಂಬತ್ತನೇ ಕ್ಲಾಸಿನವರು ನಿಲ್ಲತೊಡಗಿದರು. ಅವರನ್ನು ಓಡಿಸಲು ಬಂದ ಡ್ರಿಲ್ ಮೇಷ್ಟ್ರು ತಾವೂ ನಿಂತುಬಿಟ್ಟರು. ಗಾಜಿನ ಕಪಾಟಿನ ಸಾಲಿನಲ್ಲಿ ಅಲ್ಲಲ್ಲಿ ಹಲ್ಲು ಬಿದ್ದಂಥ ಜಾಗಗಳು ಕಂಡವು. ಮನೆಯಲ್ಲಿ ತಾಯಿ ರೇಡಿಯೋ ಆರಿಸಿ ಮಗನನ್ನು ಬಾಗಿಲಲ್ಲೇ ಹಿಡಿದು, ಕತ್ತೆ ಬಂತೇನೋ ಎಂದು ಕೇಳುವುದು ರೂಢಿಯಾಯಿತು.

ಮುಂದೆ ಓದಬಾರದೆಂಬ ಮಾತು ಹೆಡ್‌ಮಾಸ್ತರರನ್ನು ಬಹಳ ಕಾಡಿತು. ಪುಸ್ತಕ ಮೇಜಿನ ಖಾನೆಯಲ್ಲಿದ್ದರೆ ಅವರ ಕೈ ತಾನಾಗಿ ಅತ್ತ ಹೋಗುತ್ತಿತ್ತು. ಗುಮಾಸ್ತರ ವಶಕ್ಕೆ ಕೊಟ್ಟರೆ ಗುಮಾಸ್ತರು ಓದಿಕೊಂಡಾರೆಂಬ ಸಂಕಟ. ಹೆಂಡತಿಗೆ ಕೊನೆ ಗೊತ್ತಿದೆ ಎಂಬುದು ಇನ್ನೊಂದು ಸಂಕಟ. ಒಂದು ದಿನ ಊಟದ ಮಧ್ಯೆ, ಕತ್ತೆಯ ವಿಷಯ ಬೇಡ, ಒಟ್ಟಿನ ಮೇಲೆ ಪುಸ್ತಕ ಸುಖದ್ದೋ ದುಃಖದ್ದೋ ಅಷ್ಟು ಹೇಳಬಾರದೇ ಎಂದು ಪೀಡಿಸಿದರು. ಊಟದ ಹೊತ್ತಿನಲ್ಲಿ ಶಾಲೆಯ ಮಾತು ಬೇಡ ಎಂದು ಹೆಂಡತಿ ಮಜ್ಜಿಗೆ ಬಡಿಸಿದರು. ಒಪ್ಪಂದ ಪೂರ್ತಿ ಊಟ ಉಳಿದದ್ದು ಅದೇ ಮೊದಲು.

ಮೂರನೆಯ ಶುಕ್ರವಾರ ಬಿರುಗಾಳಿ ನಿಂತಿತು. ಮುದುಕ ಜ್ವರದಲ್ಲೇ ತೆವಳಿಕೊಂಡು ಬಂದು ಬಾಗಿಲು ತೆರೆದು, ಗುಡ್ಡದ ದಾರಿಯನ್ನು ನೋಡಿದ. ದೂರದಲ್ಲಿ ಏನೋ ಅಲುಗಿತು. ಹೆಡ್‌ಮಾಸ್ತರರು ಪುಟ ತಿರುಗಿಸಿದರು. ಅಲ್ಲಿ ಪುಟವೇ ಇರಲಿಲ್ಲ. ಬೀರುವಿನ ಅಡಿಯಲ್ಲಿದ್ದ ಎಂಟು ವರ್ಷದಲ್ಲಿ ಕೊನೆಯ ಹಾಳೆಗಳನ್ನು ಹುಳ ಓದಿ ಮುಗಿಸಿತ್ತು. ಉಳಿದದ್ದು ಜಾಲರಿಯಂಥ ಅಂಚು, ಅದರಾಚೆ ರಟ್ಟು.

ಕ್ಲಾಸಿನಲ್ಲಿ ಎದ್ದ ಕೋಲಾಹಲಕ್ಕೆ ಮೇಲಿನ ಅಂತಸ್ತಿನ ಗಣಿತದ ಮೇಷ್ಟ್ರು ಇಳಿದು ಬಂದರು. ಎರಡು ಜಡೆಯವಳು ಆ ಗಲಾಟೆಯಲ್ಲೇ ಕೂಗಿ ಹೇಳಿದಳು, ಟೀಚರಮ್ಮನ ಶಾಲೆಯಲ್ಲಿ ಇನ್ನೊಂದು ಪುಸ್ತಕ ಇದೆ. ಹೆಡ್‌ಮಾಸ್ತರರು ಗಡಿಯಾರ ನೋಡಿದರು. ಶಾಲೆಯ ವೇಳೆಯಲ್ಲಿ ಮಕ್ಕಳು ಗೇಟು ದಾಟಬಾರದೆಂದು ಬೋರ್ಡು ಬರೆಸಿದವರು ಅವರೇ. ಆ ಬೋರ್ಡಿನ ಪಕ್ಕದಲ್ಲೇ ನಲವತ್ತು ಮಕ್ಕಳನ್ನು ಎರಡು ಸಾಲು ಮಾಡಿಸಿ, ತಾವು ಮುಂದೆ ನಿಂತು ರಸ್ತೆಗೆ ಇಳಿದರು. ದರ್ಜಿ ಮಿಷನ್ ತುಳಿಯುವುದನ್ನು ನಿಲ್ಲಿಸಿ ನೋಡಿದ. ಸೈಕಲ್ ಅಂಗಡಿಯವನು, ಏನು ಸರ್ ಮೆರವಣಿಗೆ ಎಂದು ಕೇಳಿದ್ದಕ್ಕೆ, ಕತ್ತೆ ಹುಡುಕಲು ಎಂದು ಹಿಂದಿನ ಬೆಂಚಿನ ಮೂವರೂ ಒಟ್ಟಿಗೆ ಹೇಳಿದರು.

ಓಣಿಯ ಶಾಲೆಯ ಬಾಗಿಲಿಗೆ ಬಂದ ಮುಖ್ಯೋಪಾಧ್ಯಾಯಿನಿ ಸಾಲಿನ ಉದ್ದವನ್ನೂ ಗಂಡನ ಬೆವರನ್ನೂ ನೋಡಿ, ಏನಾಯಿತು ಎಂದರು. ಹೆಡ್‌ಮಾಸ್ತರರು ಹಾಳಾದ ಪುಸ್ತಕ ತೋರಿಸಿದರು.

“ಮೇಡಂ, ನಿಮ್ಮಿಂದ ಸಹಾಯ ಬೇಕು.”

ಆ ಮಾತು ಅವರ ಬಾಯಿಂದ ಹಿಂದೆ ಎಂದೂ ಬಂದದ್ದಿಲ್ಲ. ಹೆಂಡತಿ ಸ್ಲೇಟು ನೋಡಿ ಬಂದು, ಪುಸ್ತಕ ಈಗ ನಾಲ್ಕನೇ ಕ್ಲಾಸಿನ ಒಬ್ಬಳ ಹತ್ತಿರ ಇದೆ, ಅವಳ ಹಿಂದೆ ಆರು ಜನ ಸರದಿಯಲ್ಲಿದ್ದಾರೆ, ಅವಳನ್ನೇ ಕೇಳಿ ಎಂದರು. ಹೆಡ್‌ಮಾಸ್ತರರು ಮುಂದಿನ ಎರಡು ಹಲ್ಲಿಲ್ಲದ ಒಂದು ಪುಟ್ಟ ಹುಡುಗಿಯ ಮುಂದೆ ಬಗ್ಗಿ ನಿಂತು ವಿಷಯ ವಿವರಿಸಿದರು. ಅವಳು ಎಲ್ಲ ಕೇಳಿ, ಪುಸ್ತಕವನ್ನು ಎದೆಗೆ ಒತ್ತಿಕೊಂಡು, ಕೊಡುವುದಿಲ್ಲ ಎಂದಳು. ಬೇಕಿದ್ದರೆ ತಾನೇ ಓದುತ್ತಾಳಂತೆ.

ನಲವತ್ತು ಜನ ದೊಡ್ಡವರು ಕುಳ್ಳ ಬೆಂಚುಗಳಲ್ಲಿ ಮೊಣಕಾಲನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತರು. ಸಂದಿಗಳಲ್ಲಿ ಚಿಕ್ಕವರು ತುಂಬಿಕೊಂಡರು. ಹೆಡ್‌ಮಾಸ್ತರರು ಯಾವ ಬೆಂಚೂ ಸಾಲದೆ ನೆಲದಲ್ಲಿ ಕೂತರು. ಹುಡುಗಿ ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದೇ ಶಬ್ದ ಓದಿದಳು. ಅವಳು ತಡವರಿಸಿದಲ್ಲಿ ಹೆಡ್‌ಮಾಸ್ತರರು ಎರಡು ಸಲ ಶಬ್ದ ಹೇಳಿಕೊಟ್ಟರು. ಮೂರನೆಯ ಸಲ ಅವಳು ಪುಸ್ತಕದಿಂದ ಕಣ್ಣು ತೆಗೆಯದೆ ಒಂದು ಕೈ ಮೇಲೆತ್ತಿ ಅವರನ್ನು ತಡೆದಳು.

ಕತ್ತೆ ಬಂತು. ಗುಡ್ಡದ ದಾರಿಯಲ್ಲಿ ಕುಂಟುತ್ತ, ಕಿವಿಯೊಂದು ಹರಿದು, ಹೆಜ್ಜೆಗೊಮ್ಮೆ ನಿಂತು ಬಂತು. ಒಂದು ಕೊಡ ಒಡೆದಿತ್ತು. ಇನ್ನೊಂದರಲ್ಲಿ ನೀರಿತ್ತು.

ಕೋಣೆಯಲ್ಲಿ ಚಪ್ಪಾಳೆ ತಟ್ಟಬೇಕೆಂದು ಯಾರಿಗೂ ತೋಚಲಿಲ್ಲ. ಹೆಡ್‌ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ಎರಡು ಜಡೆಯವಳು ನೋಡುತ್ತಿದ್ದಾಳೆಂದು ತಿಳಿದು, ಸೀಮೆಸುಣ್ಣದ ಧೂಳು ಎಂದರು. ಹಲಗೆಯ ಮೇಲೆ ಬೆಳಗಿನಿಂದ ಯಾರೂ ಏನೂ ಬರೆದಿರಲಿಲ್ಲ.

ಆಮೇಲೆ ಶುಕ್ರವಾರ ಬಂತೆಂದರೆ ಎಂಟನೇ ಕ್ಲಾಸಿನವರು ಓಣಿಗೆ ಹೋಗಿ ಚಿಕ್ಕವರಿಗೆ ಓದಿ ಹೇಳುವುದು, ಚಿಕ್ಕವರಿಂದ ತಿದ್ದಿಸಿಕೊಳ್ಳುವುದು ನಡೆಯಿತು. ಎರಡು ಜಡೆಯವಳು ಮಳೆ ಬಂದರೂ ತಪ್ಪಿಸುತ್ತಿರಲಿಲ್ಲ. ಮುಖ್ಯಸ್ಥರ ಮುಂದಿನ ಸಭೆಯಲ್ಲಿ ಅಧಿಕಾರಿಗಳು, ಹೈಸ್ಕೂಲಿನಲ್ಲಿ ಇದೇನು ಬದಲಾವಣೆ ಎಂದು ವಿಚಾರಿಸಿದರು. ಹೆಡ್‌ಮಾಸ್ತರರು ಎದ್ದು, ಹೆಬ್ಬಾಗಿಲು ಗಿಬ್ಬಾಗಿಲು ಎನ್ನದೆ, ತಾವು ಓದದೆ ಇದ್ದದ್ದು, ಕತ್ತೆಯನ್ನು ಕೊಂದದ್ದು, ಹೆಂಡತಿ ನಗದೆ ಇದ್ದದ್ದು, ಎಲ್ಲವನ್ನೂ ಐದು ನಿಮಿಷದಲ್ಲಿ ಹೇಳಿ ಕೂತರು. ಆಗ ಕಂಚಿನ ಕಂಠದವರು ಎದ್ದು, ಯಾರೂ ಕೇಳಿರದಷ್ಟು ಸಣ್ಣ ದನಿಯಲ್ಲಿ, ತಮ್ಮದು ನಾಲ್ಕು ವರ್ಷ ಎಂದರು. ಪಕ್ಕದವರು ತಮ್ಮದು ಆರು ಎಂದರು. ಬೀಗದ ಕೈ ಇಲ್ಲದವರು, ಬೀಗದ ಕೈ ಇದೆ, ಹುಡುಕಿರಲಿಲ್ಲ ಎಂದರು. ಅಷ್ಟು ವರ್ಷ ಒಬ್ಬರಿಂದೊಬ್ಬರು ಮುಚ್ಚಿಟ್ಟದ್ದು ಎಲ್ಲರಲ್ಲೂ ಒಂದೇ ಆಗಿತ್ತು.

ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಹದಿನೆಂಟು ಜನವೂ ಒಂದೆಡೆ ಸೇರಿ ಒಂದು ಪುಸ್ತಕ ಗಟ್ಟಿಯಾಗಿ ಓದುವುದು, ಶಾಲೆಯ ಕಷ್ಟ ಸುಖ ಮಾತನಾಡಿಕೊಳ್ಳುವುದು ಎಂದು ಅಲ್ಲೇ ತೀರ್ಮಾನವಾಯಿತು. ಎಲ್ಲಿ ಎಂಬ ಪ್ರಶ್ನೆಗೆ ಮುಖ್ಯೋಪಾಧ್ಯಾಯಿನಿ, ಮೊದಲ ಸಲ ನಮ್ಮ ಮನೆಯಲ್ಲೇ ಆಗಲಿ ಎಂದರು. ಹೆಡ್‌ಮಾಸ್ತರರ ಎದೆ ಉಬ್ಬಿತು. ಇದೆಲ್ಲದರ ಮೂಲಪುರುಷ ತಾವೇ ತಾನೆ. ಸಂಸ್ಥಾಪಕ ಅಧ್ಯಕ್ಷರ ಸ್ವಾಗತ ನುಡಿ ಎಂದು ತಲೆಬರಹ ಹಾಕಿ ನಾಲ್ಕು ಪುಟ ಬರೆದಿಟ್ಟುಕೊಂಡರು.

ಶನಿವಾರ ಹದಿನಾರು ಜನ ಅತಿಥಿಗಳು ಬಂದರು. ತಾಯಿ ಮೊದಲೇ ಬಂದು ನಡುವಿನ ಕುರ್ಚಿ ಹಿಡಿದಿದ್ದರು. ಹೆಡ್‌ಮಾಸ್ತರರು ಎದ್ದು ಗಂಟಲು ಸರಿಮಾಡಿಕೊಂಡು ಜೇಬಿನಿಂದ ಕಾಗದ ತೆಗೆದರು. ಹೆಂಡತಿ ಅದನ್ನು ನೋಡಿ, ಬಂದವರಿಗೆಲ್ಲ ಮೊದಲು ಟೀ ಆಗಬೇಕಲ್ಲ ಎಂದರು. ಓದಿಸುವ ಜವಾಬ್ದಾರಿ ಆಕೆಯದು, ಹಾಗಾಗಿ ಟೀ ಯಾರದೆಂದು ಬೇರೆ ಹೇಳಬೇಕಾಗಲಿಲ್ಲ. ಎರಡೇ ನಿಮಿಷ, ಬಂದೆ ಎಂದು ಸಂಸ್ಥಾಪಕ ಅಧ್ಯಕ್ಷರು ಅಡುಗೆಮನೆಗೆ ಹೋದರು.

ಹತ್ತೊಂಬತ್ತು ಲೋಟಕ್ಕೆ ಹಾಲು ಎರಡು ನಿಮಿಷದಲ್ಲಿ ಕಾಯುವುದಿಲ್ಲ ಎಂಬುದು ಅವರಿಗೆ ಅಂದು ತಿಳಿಯಿತು. ಹೊರಗೆ ಓದು ಶುರುವಾಗಿಯೇ ಬಿಟ್ಟಿತು. ಓದುತ್ತಿದ್ದವರು ಕಂಚಿನ ಕಂಠದವರಾದ್ದರಿಂದ ಗೋಡೆಯಾಚೆಗೂ ಸ್ಪಷ್ಟವಾಗಿ ಕೇಳುತ್ತಿತ್ತು. ಹಡಗಿನ ಕ್ಯಾಪ್ಟನ್ ಸತ್ತು ಹತ್ತು ವರ್ಷದ ಮೇಲೆ ಅವನ ಹೆಂಡತಿ ಅಟ್ಟ ಹತ್ತಿ, ಅವನ ಪೆಟ್ಟಿಗೆಯ ಬೀಗ ಒಡೆದು, ಮುಚ್ಚಳ ಎತ್ತುತ್ತಾಳೆ. ಅಷ್ಟರಲ್ಲಿ ಓದುವವರು ಪುಟ ತಿರುಗಿಸಿದರು, ಯಾರೋ ಕೆಮ್ಮಿದರು, ಪೆಟ್ಟಿಗೆಯೊಳಗೆ ಏನಿತ್ತೆಂಬುದು ಕೇಳದೇ ಹೋಯಿತು. ಹೆಡ್‌ಮಾಸ್ತರರು ಅಡುಗೆಮನೆಯಿಂದಲೇ, ಏನಿತ್ತು ಎಂದು ಕೇಳಿದರು. ಓದು ನಿಲ್ಲಲಿಲ್ಲ. ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು, ದಯವಿಟ್ಟು ಆ ಒಂದು ಸಾಲು ಇನ್ನೊಮ್ಮೆ ಓದಿ ಎಂದು ಕೇಳಿಕೊಂಡರು.

ತಾಯಿ ತಿರುಗಿಯೂ ನೋಡಲಿಲ್ಲ.

“ಸದ್ದು ಮಾಡ್ಬೇಡ್ವೋ. ದೊಡ್ಡೋರು ಓದ್ತಿದ್ದಾರೆ.”

ಹದಿನಾರು ಜನ ಮುಖ್ಯಸ್ಥರು ಬೆರಳನ್ನು ತುಟಿಗೆ ಇಟ್ಟುಕೊಂಡರು. ಹದಿನೇಳನೆಯವರು, ಅಂದರೆ ಹೆಂಡತಿ, ಸ್ವಲ್ಪ ಸರಿದು ತಮ್ಮ ಪಕ್ಕದಲ್ಲಿ ಗೇಣಗಲ ಜಾಗ ಮಾಡಿದರು. ಹೆಡ್‌ಮಾಸ್ತರರು ಸೌಟಿನ ಸಮೇತ ಅಲ್ಲಿ ಕೂತು, ಬಾಯಿ ಮುಚ್ಚಿಕೊಂಡು, ಕಿವಿ ತೆರೆದುಕೊಂಡರು. ಒಳಗೆ ಹಾಲು ಉಕ್ಕಿ ಒಲೆಯ ಮೇಲೆ ಹರಿದು ಚುರ್ರೆಂದಿತು. ಯಾರೂ ಏಳಲಿಲ್ಲ.